‘ಶೇ 95ರಷ್ಟು ಖಚಿತ’ ಎಂದು ಬರೆಯಬೇಡಿ

ಮಾನ್ಯ ಸಂಪಾದಕರೇ,

ಮನೋವಿಜ್ಞಾನದ ಸಂಶೋಧನೆಯೊಂದು ‘ಶೇ 95ರಷ್ಟು ಖಚಿತ’ ಎಂದು ಸುದ್ದಿಯಾಗುವುದನ್ನು ಆಗಾಗ ನೋಡುತ್ತೇವೆ. ಮೂಲ ಪ್ರಬಂಧದಲ್ಲಿ ಇರುವುದು ಬಹುಪಾಲು ‘ಪಿ-ಮೌಲ್ಯ 0.05ಕ್ಕಿಂತ ಕಡಿಮೆ’ ಎಂದಷ್ಟೆ. ಇವೆರಡೂ ಒಂದೇ ಅಲ್ಲ. ಗುಂಪುಗಳ ನಡುವೆ ನಿಜಕ್ಕೂ ವ್ಯತ್ಯಾಸವೇ ಇಲ್ಲ ಎಂದಿಟ್ಟುಕೊಂಡರೆ, ಈಗ ಕಂಡಷ್ಟು ಅಥವಾ ಅದಕ್ಕಿಂತ ದೊಡ್ಡ ಅಂತರ ಆಕಸ್ಮಿಕವಾಗಿ ಬರುವ ಸಂಭವ ಎಷ್ಟು ಎಂಬುದನ್ನು ಪಿ-ಮೌಲ್ಯ ತಿಳಿಸುತ್ತದೆ. ಸಂಶೋಧಕರ ಊಹೆ ಎಷ್ಟರಮಟ್ಟಿಗೆ ನಿಜ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಲೆಕ್ಕ ಹಾಕಿದರೆ ಸ್ಪಷ್ಟವಾಗುತ್ತದೆ. 1,000 ಊಹೆಗಳನ್ನು ಪರೀಕ್ಷಿಸಿದರು, ಅವುಗಳಲ್ಲಿ 100 ಮಾತ್ರ ನಿಜ ಎನ್ನೋಣ. ಸುಳ್ಳಾದ 900ರ ಪೈಕಿ ಶೇ 5, ಅಂದರೆ ಸುಮಾರು 45 ಊಹೆಗಳು ಆಕಸ್ಮಿಕವಾಗಿಯೇ 0.05ರ ಗೆರೆ ದಾಟಿ ಪಾಸಾಗುತ್ತವೆ. ನಿಜವಾದ 100ರಲ್ಲಿ 80ನ್ನು ಪತ್ತೆಹಚ್ಚುವಷ್ಟು ಶಕ್ತಿ ಪ್ರಯೋಗಕ್ಕಿದ್ದರೂ, ಪಾಸಾದ 125ರಲ್ಲಿ ಶೇ 36ರಷ್ಟು ಸುಳ್ಳೇ. ಅಷ್ಟು ಶಕ್ತಿ ಬರಲು, ಪರಿಣಾಮ (ಗುಂಪುಗಳ ನಡುವಿನ ನಿಜವಾದ ಅಂತರ) ಮಧ್ಯಮ ಗಾತ್ರದ್ದಾದರೆ, ಗುಂಪಿಗೆ 64 ಜನ ಬೇಕು. 20 ಜನರನ್ನಷ್ಟೇ ಇಟ್ಟುಕೊಂಡರೆ ಮೂರರಲ್ಲಿ ಒಂದು ನಿಜ ಸಿಕ್ಕರೆ ಹೆಚ್ಚು. ಆಗ ಪಾಸಾದವುಗಳಲ್ಲಿ ಸುಳ್ಳಿನದೇ ಮೇಲುಗೈ.

ಇದೂ ಪ್ರಾಮಾಣಿಕವಾಗಿ ಒಂದೇ ಪರೀಕ್ಷೆ ನಡೆಸಿದಾಗಿನ ಮಾತು. ಒಂದೇ ದತ್ತಾಂಶದ ಮೇಲೆ ಪರಸ್ಪರ ಸಂಬಂಧವಿಲ್ಲದ 20 ಪರೀಕ್ಷೆ ಮಾಡಿದರೆ, ನಿಜವಾದ ಪರಿಣಾಮ ಒಂದೂ ಇಲ್ಲದಿದ್ದರೂ ಕನಿಷ್ಠ ಒಂದು ‘ಮಹತ್ವದ’ (ಪಿ-ಮೌಲ್ಯ 0.05ಕ್ಕಿಂತ ಕಡಿಮೆ ಇರುವ) ಫಲಿತಾಂಶ ಸಿಗುವ ಸಂಭವ ಶೇ 64. ನಡುನಡುವೆ ಫಲಿತಾಂಶ ಇಣುಕಿ ನೋಡಿ, 0.05ರ ಗೆರೆ ದಾಟಿದ ಕೂಡಲೇ ದತ್ತಾಂಶ ಸಂಗ್ರಹ ನಿಲ್ಲಿಸುವುದೂ ಇಂಥದ್ದೇ ತಪ್ಪು. 2015ರಲ್ಲಿ ಪ್ರಕಟವಾದ ದೊಡ್ಡ ಮರುಪ್ರಯೋಗ ಯೋಜನೆ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ನಡೆಸಿತು. ಮೂಲದಲ್ಲಿ ಶೇ 97 ಅಧ್ಯಯನಗಳು ಗೆರೆ ದಾಟಿದ್ದವು. ಮರುಪ್ರಯೋಗದಲ್ಲಿ ದಾಟಿದ್ದು ಶೇ 36 ಮಾತ್ರ.

ಮಾದರಿ ದೊಡ್ಡದಿದ್ದಾಗ ತೊಡಕು ತಿರುವುಮುರುವಾಗುತ್ತದೆ. 1,000 ಜನರಲ್ಲಿ ಸಹಸಂಬಂಧ (ಎರಡು ಅಂಶಗಳ ನಡುವಿನ ನಂಟಿನ ಅಳತೆ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ಣ ನಂಟು) 0.1 ಬಂದರೆ ಪಿ-ಮೌಲ್ಯ ಸುಮಾರು 0.002. ಕೇಳಲು ಭಾರೀ ಎನಿಸಿದರೂ, ಅದು ವಿವರಿಸುವುದು ಜನರ ನಡುವಿನ ವ್ಯತ್ಯಾಸದ ಶೇ 1ನ್ನು ಮಾತ್ರ.

ಹಾಗಾಗಿ ಇಂಥ ಸುದ್ದಿ ಪ್ರಕಟಿಸುವಾಗ ಗುಂಪಿನಲ್ಲಿ ಎಷ್ಟು ಜನರಿದ್ದರು, ಅಂತರ ಎಷ್ಟು ದೊಡ್ಡದು, ಅದರ ವಿಶ್ವಾಸಾಂತರ (ನಿಜವಾದ ಅಂತರ ಎಷ್ಟರಿಂದ ಎಷ್ಟರವರೆಗೆ ಇರಬಹುದೆಂಬ ಅಂದಾಜು) ಏನು, ಪರೀಕ್ಷಿಸುವ ಊಹೆಯನ್ನು ಪ್ರಯೋಗಕ್ಕೆ ಮೊದಲೇ ನೋಂದಾಯಿಸಿದ್ದರೇ ಎಂಬುದನ್ನು ದಯವಿಟ್ಟು ಸೇರಿಸಿ. ಒಂದೇ ಅಧ್ಯಯನವಾಗಿದ್ದರೆ ಶೀರ್ಷಿಕೆಯಲ್ಲಿ ‘ಸಾಬೀತು’ ಎಂಬ ಪದ ಬೇಡ.

– ಸಂಖ್ಯಾಶಾಸ್ತ್ರದ ಅಧ್ಯಾಪಕ