ಸ್ಟ್ರಾಬೆರಿ ಗಿಡ ಬಾಡಿದರೆ ಅಂಗಡಿಗೆ ಓಡಬೇಡಿ, ಮೊದಲು ಬುಡ ಸೀಳಿ ನೋಡಿ

ಮಾನ್ಯ ಸಂಪಾದಕರೇ,

ಚಳಿಗಾಲ ಬಂತೆಂದರೆ ನಿಮ್ಮ ಕೃಷಿ ಪುಟದಲ್ಲಿ ಸ್ಟ್ರಾಬೆರಿ ಬೆಳೆದು ಗೆದ್ದವರ ಸುದ್ದಿ ಒಂದಾದರೂ ಇರುತ್ತದೆ. ಬುಟ್ಟಿ ತುಂಬ ಕೆಂಪು ಹಣ್ಣು ಹಿಡಿದು ನಗುವ ಫೋಟೊ, ಅದರ ಕೆಳಗೆ ಲಕ್ಷಗಳ ಲೆಕ್ಕ. ಅದನ್ನೇ ಓದಿ ನಾನೂ ನಂದಿಬೆಟ್ಟದ ಹತ್ತಿರದ ನಮ್ಮ ಜಮೀನಿನಲ್ಲಿ ಅರ್ಧ ಎಕರೆಗೆ ಹಾಕಿದೆ. ಆ ಸುದ್ದಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಗಿಡಕ್ಕೆ ಬರುವ ರೋಗದ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲ್ಲ ಅಲ್ವಾ, ಅದಕ್ಕೇ ಈ ಪತ್ರ.

ಮೊದಲ ವರ್ಷ ಅಕ್ಟೋಬರ್‌ನಲ್ಲಿ ಸಸಿ ತರಿಸಿದೆ. ಮಧ್ಯವರ್ತಿಯೊಬ್ಬರು ತಂದುಕೊಟ್ಟರು. ಯಾವ ನರ್ಸರಿಯದು ಅಂತ ಬಿಲ್ಲೂ ಇಲ್ಲ, ನಾನೂ ಕೇಳಲಿಲ್ಲ. ನೆಟ್ಟು ಮೂರು ವಾರ ಆಗುವಷ್ಟರಲ್ಲಿ ಅಲ್ಲೊಂದು ಇಲ್ಲೊಂದು ಗಿಡದ ಸುಳಿ ಎಲೆ ಮಧ್ಯಾಹ್ನ ಜೋತು ಬೀಳತೊಡಗಿತು. ಸಂಜೆ ತಂಪಿಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ನೀರು ಸಾಲದು ಅಂದುಕೊಂಡು ಡ್ರಿಪ್ ಜಾಸ್ತಿ ಬಿಟ್ಟೆ. ಔಷಧಿ ಅಂಗಡಿಯವರು ಮೊಬೈಲಿನಲ್ಲಿ ಫೋಟೊ ನೋಡಿ ಎರಡು ಬಾಟಲಿ ಕೊಟ್ಟರು, ಅದನ್ನೂ ಹೊಡೆದೆ. ಗಿಡ ಸಾಯುವುದೇನೂ ನಿಲ್ಲಲಿಲ್ಲ.

ಕೊನೆಗೆ ಪಕ್ಕದ ದ್ರಾಕ್ಷಿ ತೋಟದ ಅಣ್ಣ ಬಂದರು. ಏನೂ ಮಾತಾಡದೆ ಒಂದು ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ಚಾಕುವಿನಿಂದ ಬುಡವನ್ನು ಉದ್ದಕ್ಕೆ ಸೀಳಿ ನನ್ನ ಅಂಗೈ ಮೇಲಿಟ್ಟರು. ಒಳ್ಳೆಯ ಗಿಡವಾದರೆ ಬುಡದ ಒಳಗೆ ಬೆಳ್ಳಗಿರುತ್ತದೆ. ನನ್ನದರಲ್ಲಿ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪು ಕಂದು ಗೀರುಗಳು. 'ಇದು ನಮ್ಮ ದ್ರಾಕ್ಷಿಗೆ ಬರುವ ಚಿಬ್ಬು ರೋಗದ ಸಂಬಂಧಿಕನೇ ಇರಬೇಕು, ಇದಕ್ಕೆ ನೀರು ಬಿಟ್ಟು ಸಾಕುತ್ತಿದ್ದೀಯಲ್ಲೋ' ಅಂದರು. ಪ್ರಯೋಗಾಲಯಕ್ಕೆ ಕೊಟ್ಟಾಗಲೂ ಚಿಬ್ಬು ರೋಗದ ಶಿಲೀಂಧ್ರ ಅಂತಲೇ ಬಂತು. ಇದು ಬಹಳ ಸಲ ಸಸಿಯ ಜೊತೆಗೇ ಬರುತ್ತದೆ. ನೋಡಲು ಹಸಿರಾಗೇ ಇರುವ ಸಸಿ, ನೆಟ್ಟ ಮೇಲೆ ಬಿಸಿಲು ತಾಗಿದಾಗ ಬಣ್ಣ ತೋರಿಸುತ್ತದೆ. ಬುಡಕ್ಕೆ ಇಳಿದ ಮೇಲೆ ಯಾವ ಬಾಟಲಿಯಿಂದಲೂ ಆ ಗಿಡ ಉಳಿಯಲ್ಲ. ಕಿತ್ತು ತೋಟದಿಂದ ಆಚೆ ಸಾಗಿಸುವುದೊಂದೇ ದಾರಿ. ಮೇಲಿಂದ ನೀರು ಚಿಮುಕಿಸಿದರೆ ಹನಿ ಸಿಡಿದು ಪಕ್ಕದ ಗಿಡಕ್ಕೂ ಹೋಗುತ್ತದೆ.

ಗಿಡ ಬಾಡುವುದೆಲ್ಲ ಇದೇ ರೋಗ ಅಂತಲೂ ಅಲ್ಲ. ಹೊರಗಿನ ಹಳೆ ಎಲೆ ಮೊದಲು ಅಂಚಿನಿಂದ ಒಣಗಿ, ನಡುವಿನ ಎಳೆ ಎಲೆ ಹಸಿರಾಗೇ ಉಳಿದರೆ ಮಣ್ಣಿನಿಂದ ಬರುವ ಸೊರಗು ರೋಗ ಇರಬಹುದು. ಟೊಮೆಟೊ, ಬದನೆ, ಆಲೂಗೆಡ್ಡೆಗೆ ಬರುವ, ವರ್ಟಿಸಿಲಿಯಮ್ ಅನ್ನುವ ಶಿಲೀಂಧ್ರದ ಸೊರಗು ಸ್ಟ್ರಾಬೆರಿಗೂ ಬರುತ್ತದೆ. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಟೊಮೆಟೊ ಕಿತ್ತ ಜಾಗಕ್ಕೇ ಹೊಸ ಬೆಳೆ ಹಾಕುವವರು ಜಾಸ್ತಿ, ಇದನ್ನು ಸ್ವಲ್ಪ ಯೋಚಿಸಬೇಕು. ಬೇರು ಕಪ್ಪಾಗಿ ಕೊಳೆತಿದ್ದರೆ ಬೆಡ್‌ನಲ್ಲಿ ನೀರು ನಿಂತಿದೆಯಾ ನೋಡಿ. ಸುಳಿ ಮಣ್ಣಿನಲ್ಲಿ ಹೂತುಹೋಗುವಂತೆ ನೆಟ್ಟರೂ ಕೊಳೆಯುತ್ತದೆ. ನಾನು ಆ ತಪ್ಪನ್ನೂ ಮಾಡಿದ್ದೆ ಬಿಡಿ.

ಇನ್ನು ಎಲೆಯ ಅಂಚು ಮೇಲಕ್ಕೆ ಮಡಚಿ ದೊನ್ನೆ ಥರ ಆಗುವುದು. ಇದನ್ನೂ ನೀರಿನ ಕೊರತೆ ಅಂದುಕೊಳ್ಳುತ್ತಾರೆ. ಎಲೆ ಮಗುಚಿ ನೋಡಿ. ಕೆಳಗೆ ಬಿಳಿ ಪುಡಿಯೋ ಕೆಂಪು ನೇರಳೆ ಮಚ್ಚೆಯೋ ಇದ್ದರೆ ಬೂದಿ ರೋಗ. ಇದಕ್ಕೆ ಎಲೆ ಒದ್ದೆಯಾಗಬೇಕು ಅಂತಿಲ್ಲ, ಮಳೆ ಬೀಳದ ಪಾಲಿಹೌಸ್ ಒಳಗೂ ಚೆನ್ನಾಗಿ ಹರಡುತ್ತದೆ. ಶುರುವಿನಲ್ಲೇ ನೀರಿನಲ್ಲಿ ಕರಗುವ ಗಂಧಕ ಹೊಡೆದರೆ ಹತೋಟಿಗೆ ಬರುತ್ತದೆ. ಆದರೆ ಸುಡುಬಿಸಿಲಿನಲ್ಲಿ ಹೊಡೆಯಬೇಡಿ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೂ ಬೇಡ, ಎಲೆ ಸುಟ್ಟುಹೋಗುತ್ತದೆ. ಮಗುಚಿದಾಗ ಪುಡಿ ಬದಲು ಸಣ್ಣ ಬಲೆ, ಓಡಾಡುವ ಚುಕ್ಕೆ ಕಂಡರೆ ಅದು ನುಸಿ, ರೋಗವೇ ಅಲ್ಲ. ಅದಕ್ಕೆ ಶಿಲೀಂಧ್ರನಾಶಕ ಹೊಡೆಯುವುದು ಸುಮ್ನೆ ದುಡ್ಡು ದಂಡ. ನಡುವೆ ಬಿಳುಪು, ಸುತ್ತ ನೇರಳೆ ಇರುವ ಎಲೆಚುಕ್ಕೆಗೆ ತೀರಾ ಹೆದರಬೇಕಾಗಿಲ್ಲ. ಹಳೆ ಎಲೆ ತೆಗೆಯುತ್ತಿದ್ದರೆ ಸಾಮಾನ್ಯವಾಗಿ ಹಿಡಿತದಲ್ಲಿರುತ್ತದೆ.

ದುಡ್ಡು ನಿಜವಾಗಿ ತಿನ್ನುವುದು ಹಣ್ಣಿನ ಬೂದು ಬೂಷ್ಟು. ಡಿಸೆಂಬರ್, ಜನವರಿಯಲ್ಲಿ ನಮ್ಮಲ್ಲಿ ಬೆಳಗ್ಗೆ ಒಂಬತ್ತಾದರೂ ಮಂಜು ಕರಗಲ್ಲ. ಆ ಒದ್ದೆಯಲ್ಲಿ ಶಿಲೀಂಧ್ರ ಹೂವಿಗೇ ಹೊಕ್ಕು ಸುಮ್ಮನಿದ್ದು, ಹಣ್ಣು ಕೆಂಪಾಗುವಾಗ ಎದ್ದೇಳುತ್ತದೆ. ಒಂದು ಸಂಜೆ ಚೆಂದದ ಹಣ್ಣು ಆರಿಸಿ 200 ಗ್ರಾಂ ಡಬ್ಬಿಗಳಿಗೆ ತುಂಬಿಟ್ಟಿದ್ದೆವು. ಮೂರನೇ ದಿನ ಅಂಗಡಿಯವರು ಫೋಟೊ ಕಳಿಸಿದರು. ಒಂದು ಹಣ್ಣಿನಿಂದ ಶುರುವಾಗಿ ಡಬ್ಬಿಗೇ ಬೆಕ್ಕಿನ ರೋಮ ಹೊದಿಸಿದ ಹಾಗಿತ್ತು. ಈಗ ಇಬ್ಬನಿ ಆರಿದ ಮೇಲಷ್ಟೇ ಕೊಯ್ಯುತ್ತೇವೆ. ಕೊಳೆತ ಹಣ್ಣಿಗೆ ಬೇರೆ ಬಕೆಟ್, ಅದನ್ನು ಸಾಲಿನ ನಡುವೆ ಎಸೆಯುವಂತಿಲ್ಲ. ಗಿಡದ ನಡುವೆ ಅಂತರ ಹೆಚ್ಚಿಸಿದ್ದೇವೆ, ಹಣ್ಣು ಮಣ್ಣಿಗೆ ತಾಗದಂತೆ ಮಲ್ಚಿಂಗ್ ಶೀಟ್ ಹಾಕಿದ್ದೇವೆ. ಇಷ್ಟರಿಂದಲೇ ಬೂಷ್ಟು ಎಷ್ಟೋ ಕಡಿಮೆಯಾಯಿತು.

ಔಷಧಿಯೇ ಬೇಡ ಅನ್ನುವವನಲ್ಲ ನಾನು. ಆದರೆ ಸ್ಟ್ರಾಬೆರಿ ಸಿಪ್ಪೆ ಸುಲಿದು ತಿನ್ನುವ ಹಣ್ಣಲ್ಲ, ಕೊಯ್ಲು ಶುರುವಾದರೆ ದಿನ ಬಿಟ್ಟು ದಿನ ಕೊಯ್ಯಬೇಕು. ಔಷಧಿ ಡಬ್ಬಿಯ ಮೇಲೆ ಹೊಡೆದ ನಂತರ ಕೊಯ್ಯಲು ಇಷ್ಟು ದಿನ ಕಾಯಿರಿ ಅಂತ ಬರೆದಿದ್ದರೆ ಕಾಯುವುದು ಹೇಗೆ? ಹಾಗಾಗಿ ಹೊಡೆಯುವುದಿದ್ದರೆ ಹೂ ಬಿಡುವಾಗಲೇ, ಬೆಳೆಗೆ ಅನುಮತಿ ಇರುವುದನ್ನೇ ಕೇಳಿ ಹೊಡೆಯಬೇಕು. ಒಂದೇ ಔಷಧಿ ಮತ್ತೆ ಮತ್ತೆ ಹೊಡೆದರೆ ಬೂದು ಬೂಷ್ಟು ಅದಕ್ಕೆ ಬಗ್ಗುವುದನ್ನೇ ಬಿಡುತ್ತದೆ.

ತೋಟಗಾರಿಕೆ ಇಲಾಖೆಗೆ ನನ್ನ ಕೋರಿಕೆ ಇಷ್ಟೇ. ಹೊರಗಿನಿಂದ ಬರುವ ಸಸಿಯಲ್ಲಿ ಹತ್ತನ್ನಾದರೂ ಸೀಳಿ ಪರೀಕ್ಷೆ ಮಾಡಿಸಿ, ಮಾರುವವರು ನರ್ಸರಿಯ ಹೆಸರಿರುವ ಬಿಲ್ ಕೊಡುವಂತೆ ನೋಡಿಕೊಳ್ಳಲಿ. ನಿಮ್ಮಲ್ಲೂ ಒಂದು ಕೋರಿಕೆಯಿದೆ. ಮುಂದಿನ ಸಲ ಬುಟ್ಟಿ ತುಂಬಿದ ಹಣ್ಣಿನ ಫೋಟೊ ಹಾಕುವಾಗ ಪಕ್ಕದಲ್ಲಿ ಸೀಳಿದ ಬುಡದ ಫೋಟೊ ಒಂದನ್ನೂ ಹಾಕಿ. ನನ್ನ ತೋಟದ್ದೇ ಬೇಕಾದಷ್ಟಿವೆ, ಕಳಿಸಿಕೊಡುತ್ತೇನೆ.

– ಒಬ್ಬ ಸ್ಟ್ರಾಬೆರಿ ಬೆಳೆಗಾರ, ಚಿಕ್ಕಬಳ್ಳಾಪುರ ತಾಲ್ಲೂಕು