ಸಾಗಾಗಳಲ್ಲಿ ಕೊಡಲಿಗಿಂತ ಕಾನೂನೇ ಮುಖ್ಯ

ಮಾನ್ಯ ಸಂಪಾದಕರೇ,

ಉತ್ತರ ಯುರೋಪಿನ ಮಧ್ಯಯುಗದ ಕಡಲಯೋಧರಾದ ವೈಕಿಂಗರ ಕುರಿತ ಐತಿಹಾಸಿಕ ಕಾದಂಬರಿಗಳು, ಧಾರಾವಾಹಿಗಳು ನಮ್ಮಲ್ಲೂ ಜನರನ್ನು ಸೆಳೆಯುತ್ತಿರುವುದರಿಂದ, ಅವುಗಳ ಬೇರಾದ ಐಸ್‌ಲ್ಯಾಂಡಿನ ಸಾಗಾಗಳ ಬಗ್ಗೆ ಕೆಲವು ಮಾತು.

ಈ ಗದ್ಯಕಥನಗಳಲ್ಲಿ ಪ್ರಮುಖವಾದವು ಬರಹರೂಪ ಪಡೆದದ್ದು 13ನೆಯ ಶತಮಾನದಲ್ಲಿ. ಅವು ಹೇಳುವ ಘಟನೆಗಳಾದರೋ ಇನ್ನೂರು ಮುನ್ನೂರು ವರ್ಷ ಹಿಂದಿನವು. ಕ್ರೈಸ್ತರಾಗಿದ್ದ ಬರಹಗಾರರು ಪೂರ್ವಿಕರ ಹಳೆಯ ಲೋಕವನ್ನು ನೆನಪು, ವಂಶಾವಳಿ, ಕಲ್ಪನೆಗಳಿಂದ ಮರಳಿ ಕಟ್ಟಿದ್ದರಿಂದ, ಸಾಗಾಗಳೇ ಒಂದರ್ಥದಲ್ಲಿ ಐತಿಹಾಸಿಕ ಕಾದಂಬರಿಗಳೆಂದು ನಾನು ಭಾವಿಸುತ್ತೇನೆ.

ನ್ಯಾಲ್‌ನ ಸಾಗಾದಲ್ಲಿ ವೈರಿಗಳು ಮನೆಗೆ ಬೆಂಕಿಯಿಟ್ಟಾಗ, ಹೊರಬರಲು ಅವಕಾಶವಿದ್ದರೂ ಮುದುಕ ನ್ಯಾಲ್ ಮತ್ತು ಪತ್ನಿ ಬೆರ್ಗ್‌ಥೋರಾ, ಪುಟ್ಟ ಮೊಮ್ಮಗನನ್ನು ನಡುವೆ ಮಲಗಿಸಿಕೊಂಡು, ಹಾಸಿಗೆಯಲ್ಲೇ ಸಾವನ್ನು ಒಪ್ಪಿಕೊಳ್ಳುತ್ತಾರೆ. ಅವರ ಮನಸ್ಸಿನಲ್ಲೇನಿತ್ತೆಂದು ನಿರೂಪಕ ವಿವರಿಸುವುದಿಲ್ಲ. ಆ ಮೌನವೇ ಓದುಗನನ್ನು ಕಲಕುತ್ತದೆ. 1928ರ ನೊಬೆಲ್ ಪುರಸ್ಕೃತೆ, ನಾರ್ವೆಯ ಸಿಗ್ರಿಡ್ ಉಂಡ್‌ಸೆಟ್ ಬಾಲ್ಯದಲ್ಲೇ ಈ ಸಾಗಾವನ್ನೋದಿ ಮಾರುಹೋದವರು. ಮಧ್ಯಯುಗದ ಹೆಣ್ಣೊಬ್ಬಳ ಇಡೀ ಬದುಕನ್ನು ಹಿಡಿದ ಕಾದಂಬರಿತ್ರಯದಲ್ಲಿ ಅವರು, ಸಾಗಾಕಾರರು ಹೇಳದೆ ಬಿಟ್ಟ ಒಳಮನಸ್ಸನ್ನು ತುಂಬಿಕೊಟ್ಟರು.

ಈಗಿನ ಹಲವು ಕೃತಿಗಳಾದರೋ ರಕ್ತ ಮತ್ತು ಕೊಡಲಿಯನ್ನಷ್ಟೇ ಎತ್ತಿಕೊಳ್ಳುತ್ತಿರುವುದು ಬೇಸರದ ಸಂಗತಿ. ಅವು ವೈಕಿಂಗರಿಗೆ ತೊಡಿಸುವ ಕೊಂಬಿನ ಶಿರಸ್ತ್ರಾಣವಂತೂ ಸಾಗಾಗಳದ್ದಲ್ಲ. 1876ರಲ್ಲಿ ಜರ್ಮನ್ ಸಂಗೀತಕಾರ ವ್ಯಾಗ್ನರನ ಸಂಗೀತನಾಟಕಕ್ಕೆ ರೂಪಿಸಿದ ವೇಷಭೂಷಣದಿಂದ ಜನಪ್ರಿಯವಾದದ್ದು. ಕಾನೂನು, ನ್ಯಾಯಗಳನ್ನು ನಿರ್ಣಯಿಸುತ್ತಿದ್ದ ಐಸ್‌ಲ್ಯಾಂಡಿನ ಆಲ್‌ಥಿಂಗ್ ಸಭೆಯ ವ್ಯಾಜ್ಯ, ಕೊಲೆಗೆ ಪರಿಹಾರಧನದ ಚೌಕಾಸಿ, ಹಗೆಯನ್ನು ತಡೆಯಲು ಹೆಣಗುವ ವಿವೇಕಿಗಳು—ಸಾಗಾಗಳ ಜೀವಾಳ ಅಲ್ಲಿದೆ. ಅವನ್ನು ಟಿಪ್ಪಣಿ ಸಹಿತ ಕನ್ನಡದಲ್ಲಿ ಪ್ರಕಟಿಸಲು ನಮ್ಮ ಅನುವಾದಕರು, ಪ್ರಕಾಶಕರು ಮನಸ್ಸು ಮಾಡಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ