ಅವ್ವ ಈಗ ಒಬ್ಬಳೇ ಬಚ್ಚಲಿಗೆ ಹೋಗುತ್ತಾಳೆ

ಬೆಟಗೇರಿಯ ನಮ್ಮ ಓಣಿಯವರಿಗೆ, ಗೌಂಡಿ ಕಾಕಾ ಮತ್ತು ಅವರ ಕೈಕೆಳಗಿನ ಹುಡುಗರಿಗೆ, ಬಡಿಗೇರ ಅಣ್ಣನಿಗೆ ನಮಸ್ಕಾರ.

ಮನೆ ಕೆಲಸ ಮುಗಿಯಿತು. ಅವ್ವನನ್ನು ಕರೆದುಕೊಂಡು ಒಳಗೆ ಬಂದೆವು. ಎದುರಿಗೆ ಸಿಕ್ಕಾಗ ‘ಭಾಳ ಉಪಕಾರ ಆತ್ರೀ’ ಅಂದರೆ ನೀವೆಲ್ಲ ‘ಇರ್ಲಿ ಬಿಡ್ರಿ’ ಅಂತ ನಡೆದುಬಿಡುತ್ತೀರಿ. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ನೇಕಾರರ ಹಳೆಯ ಮನೆ ಅನ್ನೋದು ನಿಮಗೆ ಗೊತ್ತೇ ಇದೆ. ನೆಲ ಒಂದೇ ಮಟ್ಟದಲ್ಲಿಲ್ಲ. ಪಡಸಾಲೆಯಿಂದ ಹತ್ತಿದರೆ ಅಡಿಗೆಮನೆ, ದೇವರಮನೆ. ಇನ್ನೊಂದು ಕಡೆ ಒಂದೂವರೆ ಅಡಿ ಇಳಿದರೆ ಮಗ್ಗದ ಮನೆ, ಅದರಾಚೆ ಬಚ್ಚಲು. ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ ಅಲ್ಲಿತ್ತು. ತಗ್ಗಿನ ತಂಪಿಗೆ ನೂಲು ಬೇಗ ಹರಿಯೋದಿಲ್ಲ ಅಂತ ಹಿರಿಯರು ಹಾಗೆ ಕಟ್ಟಿಸಿದ್ದರು.

ಅವ್ವನ ಮೊಣಕಾಲಿನ ಆಪರೇಷನ್ ಆದ ಮೇಲೆ ಈ ಏರು ತಗ್ಗೇ ಕಷ್ಟವಾಯಿತು. ವಾಕರ್ ಹಿಡಿದು ಬಚ್ಚಲಿಗೆ ಇಳಿಯಲು ಆಗುತ್ತಿರಲಿಲ್ಲ. ಕೆಡವಿ ಸ್ಲ್ಯಾಬ್ ಹಾಕಿಸಿ ಅಂತ ಬಹಳ ಮಂದಿ ಹೇಳಿದರು. ತಗ್ಗಿಗೆ ಗರಸು ತುಂಬಿ ಎಲ್ಲಾ ಸಪಾಟು ಮಾಡಿ ಅಂದವರೂ ಇದ್ದರು.

ಗೌಂಡಿ ಕಾಕಾ, ಬೇಡ ಅಂದವರು ನೀವೊಬ್ಬರೇ. ಮಗ್ಗದ ಮನೆಯ ಗೋಡೆಗೆ ಹಿಂದೆ ಯಾವಾಗಲೋ ಬಳಿದಿದ್ದ ಸಿಮೆಂಟನ್ನು ಬುಡದಲ್ಲಿ ಕೆರೆದು, ಒಳಗಿನ ಹಸಿ ಮಣ್ಣು ತೆಗೆದು ನನ್ನ ಕೈಗಿಟ್ಟಿರಿ. ‘ಮಣ್ಣಿನ ಗ್ವಾಡಿ ಉಸಿರಾಡಬೇಕವಾ. ಸಿಮೆಂಟ್ ಹೊಡದ್ರ ನೀರು ಒಳಗ ಕುಂದರ್ತದ. ತಗ್ಗು ತುಂಬಿದ್ರ ಅಷ್ಟೂ ಗ್ವಾಡಿ ಹಸಿ ಹಿಡೀತದ, ಬಾಗಲಾನೂ ಗಿಡ್ಡ ಆಗ್ತದ’ ಅಂದಿರಿ. ಕೆಡವಿ ಕಟ್ಟುವ ಕೆಲಸದಲ್ಲಿ ನಿಮಗೆ ಜಾಸ್ತಿ ದುಡ್ಡಿತ್ತು. ಆದರೂ ಸಿಮೆಂಟ್ ಕಿತ್ತು, ಸುಣ್ಣದ ಗಾರೆ ಮಾಡಿ, ಅದು ಬೇಗ ಒಣಗದಂತೆ ನೀರು ಚಿಮುಕಿಸುತ್ತಾ ಕಾಯುವ ನಿಧಾನದ ಕೆಲಸ ಹಿಡಿದಿರಿ.

ಅವ್ವ ವಾಕರ್ ಹಿಡಿದು ಇಳಿಯಲಿ ಅಂತ ನೀವು ಮಾಡಿದ ಇಳಿಜಾರಂತೂ ನೋಡುವಂಥದ್ದು. ಒಂದು ಅಡಿ ಏರಿಗೆ 12 ಅಡಿ ಉದ್ದ ಬೇಕು, ಅಂದರೆ ನಮಗೆ 18 ಅಡಿ. ಅಷ್ಟುದ್ದ ನೇರ ಜಾಗ ಮಗ್ಗದ ಮನೆಯಲ್ಲಿ ಎಲ್ಲಿದೆ? ಗೋಡೆಗುಂಟ ಇಳಿಸಿದಿರಿ. ಮೂಲೆಯಲ್ಲಿ ವಾಕರ್ ತಿರುಗಿಸಲು ಚೌಕ ಬಿಟ್ಟು ಅಲ್ಲಿಂದ ಮತ್ತೆ ಇಳಿಸಿದಿರಿ. ಗೋಡೆಗೆ ತಾಗದಂತೆ ನಾಲ್ಕು ಬೆರಳು ಸಂದು ಬಿಟ್ಟಿರಿ. ಕಾಲು ಜಾರದಿರಲಿ ಅಂತ ಪಾಲಿಶ್ ಇಲ್ಲದ ಶಹಾಬಾದ್ ಫರಸಿಯನ್ನೇ ಆರಿಸಿ ತಂದಿರಿ.

ಬಡಿಗೇರ ಅಣ್ಣ, ಅಟ್ಟದ ಮೇಲೆ ಬಿದ್ದಿದ್ದ ಮಗ್ಗದ ಸಾಗವಾನಿ ಕಟ್ಟಿಗೆಯನ್ನು ಹಿಡಿಕೆಗೆ ಬಳಸೋಣ ಅಂತ ನಿಮಗೆ ಹೊಳೆಯಿತಲ್ಲ, ಅದಕ್ಕೆ ಏನು ಹೇಳಲಿ? ಅವ್ವ ಮುಟ್ಟಿದ ಕೂಡಲೇ ಗುರುತು ಹಿಡಿದಳು. ‘ಇದು ನಿಮ್ಮಪ್ಪಂದು’ ಅಂದಳು. ಹಿಡಿಕೆ ಸವರುತ್ತಾ ಬಹಳ ಹೊತ್ತು ಅಲ್ಲೇ ನಿಂತಿದ್ದಳು.

ಮಾಳಿಗೆ, ಅಂದರೆ ಮನೆಯ ಮಣ್ಣಿನ ಚಾವಣಿ, ಬಿಚ್ಚಿದಾಗ ಓಣಿಯೇ ಬಂದು ನಿಂತಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿಸುತ್ತಾ ಬಂದು ಅದು ಒಂದು ಅಡಿ ದಪ್ಪವಾಗಿತ್ತು. ಅಷ್ಟು ಮಣ್ಣು ಅಂದರೆ ಒಂದು ಚದರ ಮೀಟರಿಗೆ ಸುಮಾರು 500 ಕೆಜಿ ಭಾರ! ಒಂದು ತೊಲೆಯನ್ನು ಗೆದ್ದಲು ಒಳಗಿನಿಂದ ತಿಂದಿತ್ತು. 2019ರ ಆಗಸ್ಟ್ ಮಳೆಗೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಮಣ್ಣಿನ ಮನೆ ಬಿದ್ದವು ಅಂತ ನೋಡಿದವರು ನಾವು. ಹಾಗಾಗಿ ಆ ತೊಲೆ ಕಂಡು ಎದೆ ಝಲ್ ಅಂದಿತು. ಅದನ್ನು ಬದಲಿಸುವ ಮೊದಲೇ ಒಂದು ರಾತ್ರಿ ಅಡ್ಡಮಳೆ ಬಂತು. ಯಾರಿಗೂ ಫೋನ್ ಮಾಡಿರಲಿಲ್ಲ. ನಾನು ಹೊರಗೆ ಬರುವಷ್ಟರಲ್ಲಿ ಓಣಿಯ ಹುಡುಗರು ತಾಡಪತ್ರಿ ಹೊತ್ತು ಏಣಿ ಹತ್ತಿದ್ದರು. ಬರಿಗಾಲಲ್ಲಿ, ಆ ಕೆಸರಿನಲ್ಲಿ. ಗೋಡೆ ಉಳಿದದ್ದು ನಿಮ್ಮಿಂದ, ತಮ್ಮಂದಿರಾ.

ಹಳೆಯ ವೈರಿಂಗ್ ಕಿತ್ತು ಅರ್ಥಿಂಗ್ ಸಮೇತ ಹೊಸದು ಹಾಕಿಕೊಟ್ಟವರಿಗೂ, ಹಿತ್ತಲಲ್ಲಿ ನೀರು ನಿಂತು ಎರೆಮಣ್ಣು ಉಬ್ಬದಂತೆ ಗಟಾರ ತೋಡಿದವರಿಗೂ ಶರಣು.

ಇನ್ನು ಎದುರು ಮನೆಯ ಆಯಿ. ಕೆಲಸ ನಡೆದಷ್ಟು ದಿನವೂ ನಿಮ್ಮ ಪಡಸಾಲೆ ನಮ್ಮದಾಗಿತ್ತು. ಬಾಡಿಗೆ ಮಾತೆತ್ತಿದ್ದಕ್ಕೆ ಬೈದಿರಿ. ಬಿಸಿ ರೊಟ್ಟಿ, ಪುಂಡಿಪಲ್ಯ ಅವ್ವನ ತಾಟಿಗೆ ಮೊದಲು ಹಾಕಿ ಆಮೇಲೆ ನೀವು ಉಂಡಿರಿ. ಅವ್ವನಿಗೆ ಈಗಲೂ ಮಧ್ಯಾಹ್ನವಾದರೆ ನಿಮ್ಮ ಮನೆ ಕಡೆಗೇ ಕಣ್ಣು. ದಿನಾ ಬನ್ನಿ ಆಯಿ, ನಮ್ಮಲ್ಲೂ ಈಗ ಕುಳಿತು ಮಾತಾಡಲು ಜಾಗ ಆಗಿದೆ.

ಗಟ್ಟಿಯಿರುವ ಒಂದಿಷ್ಟು ಜಂತಿ, ಹಲಗೆ, ಫರಸಿ ಹಿತ್ತಲಲ್ಲಿ ಉಳಿದಿವೆ. ಓಣಿಯಲ್ಲಿ ಯಾರಾದರೂ ಹಳೆಯ ಮನೆ ರಿಪೇರಿ ಮಾಡಿಸುತ್ತಿದ್ದರೆ ಬಂದು ಒಯ್ಯಿರಿ, ದುಡ್ಡು ಬೇಡ. ಹೊರಲು ನಾವೂ ಕೈ ಹಚ್ಚುತ್ತೇವೆ.